ಗೇಟಿಗೆ ಸಿಕ್ಕಿಸಿದ ಕುಂಕುಮ

ಕುಂಕುಮದ ಪೊಟ್ಟಣದ ಒಂದು ಮೂಲೆ ಒದ್ದೆಯಾಗಿತ್ತು. ಹಾಲಿನ ಪ್ಯಾಕೆಟ್ಟಿನ ಮೈಮೇಲಿನ ತಣ್ಣೀರು ಕಾಗದಕ್ಕೆ ಇಳಿದು, ಅಲ್ಲಿಂದ ಕೆಂಪಾಗಿ ಹೊರಟು, ಪಕ್ಕದಲ್ಲಿದ್ದ ಆಹ್ವಾನಪತ್ರಿಕೆಯ ಗಣಪತಿಯ ಎಡಗಿವಿಯವರೆಗೆ ಹಬ್ಬಿತ್ತು. ಮೂರೂ ಇದ್ದದ್ದು ಗೇಟಿನ ಕೊಕ್ಕೆಗೆ ನೇತುಹಾಕುವ ನಮ್ಮ ಹಾಲಿನ ಚೀಲದಲ್ಲಿ. ಅಮ್ಮ ಅವನ್ನು ಒಂದೊಂದಾಗಿ ತೆಗೆದು ಊಟದ ಮೇಜಿನ ಮೇಲಿಟ್ಟಳು. ಹಾಲು ಕಾಯಿಸಲು ಹೋಗಲಿಲ್ಲ.

"ನೋಡಿ, ನಿಮ್ಮಕ್ಕ ನಮ್ಮನ್ನ ಕರೆದಿದಾರೆ," ಎಂದು ಅಪ್ಪನಿಗೆ ಹೇಳಿದಳು. "ಗೇಟಿಗೆ ಸಿಕ್ಕಿಸಿ ಹೋಗಿದಾರೆ. ಕೇಬಲ್ ಬಿಲ್ ಥರ."

ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ರಾಮಕೃಷ್ಣನಗರದಲ್ಲಿದ್ದಾರೆ. ನಾವಿರುವುದು ಲಕ್ಷ್ಮೀಪುರಂನಲ್ಲಿ, ಅತ್ತೆ ಹುಟ್ಟಿ ಬೆಳೆದ ಮನೆಯಲ್ಲೇ. ಪತ್ರಿಕೆ ಮಾವನ ಅರವತ್ತರ ಶಾಂತಿಯದು. ನಮ್ಮ ಕಡೆ ಇಂಥದ್ದಕ್ಕೆ ಕರೆಯುವ ಕ್ರಮ ಒಂದಿದೆ. ಕರೆಯುವವರು ಮನೆಯೊಳಗೆ ಬರಬೇಕು, ಕೂರಬೇಕು, ಕಾಫಿ ಬೇಡವೆನ್ನಬೇಕು, ಆಮೇಲೆ ಕುಡಿಯಬೇಕು, ಮನೆಯ ಹೆಂಗಸರಿಗೆ ಕೈಯಾರೆ ಕುಂಕುಮ ಕೊಟ್ಟು "ನೀವೇ ಮುಂದೆ ನಿಂತು ನಡೆಸಿಕೊಡಬೇಕು" ಎನ್ನಬೇಕು. ಇಷ್ಟೂ ಆದರೆ ಅದು ಕರೆ. ಇದರಲ್ಲಿ ಒಂದು ತಪ್ಪಿದರೂ ಅದು ಟ್ಯೂಷನ್ ಸೆಂಟರಿನ ಕರಪತ್ರ.

ಅಮ್ಮ ಹೋಗುವುದಿಲ್ಲವೆಂದು ತೀರ್ಮಾನಿಸಿದಳು. ಆದರೆ ಕುಂಕುಮವನ್ನು ಕಸಕ್ಕೆ ಹಾಕುವಂತಿಲ್ಲ. ದೇವರಮನೆಯಲ್ಲಿಟ್ಟರೆ ಒಪ್ಪಿಕೊಂಡಂತೆ. ಸ್ವಲ್ಪ ಹೊತ್ತು ಯೋಚಿಸಿ, ಸ್ಟೂಲು ಹತ್ತಿ, ಅದನ್ನು ಹಾಲ್‌ನಲ್ಲಿರುವ ಕರೆಂಟ್ ಮೀಟರಿನ ಪೆಟ್ಟಿಗೆಯ ಮೇಲಿಟ್ಟಳು.

ಎಲ್ಲ ಮನೆಗಳಲ್ಲೂ ಇಂಥ ಮುನಿಸುಗಳು ಇರುತ್ತವೆ. ಇದೂ ಅಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ತೊಂದರೆ ಏನೆಂದರೆ, ನನ್ನ ಮೈಯಲ್ಲಿ ಹರಿಯುವುದು ಅತ್ತೆಯ ರಕ್ತ. ಇದು ಅಕ್ಕರೆಗೆ ಹೇಳುವ ಮಾತಲ್ಲ, ಪ್ರಯೋಗಾಲಯ ಬರೆದುಕೊಟ್ಟ ಮಾತು.

ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಎರಡನೇ ವರ್ಷದಲ್ಲಿ ನನಗೆ ರಕ್ತದ ಕ್ಯಾನ್ಸರ್ ಬಂತು. ಆ ಚಿಕಿತ್ಸೆಯ ಕಥೆ ಇಲ್ಲಿ ಹೇಳುವುದಿಲ್ಲ. ಅದರಲ್ಲಿ ನನಗೆ ಸರಿಯಾಗಿ ನೆನಪಿರುವುದು ಬೆಂಗಳೂರಿನ ಒಂದು ಕೋಣೆಯ ಛಾವಣಿ ಮಾತ್ರ. ನಾನು ಬರೆಯುತ್ತಿರುವುದು ಅದಾದ ಮೇಲಿನದು: ಬಂದವರೆಲ್ಲ "ಸದ್ಯ, ಮುಗೀತಲ್ಲ" ಎಂದು ಹೇಳಿ ಹೋದ ಮೇಲೂ ಮುಗಿಯದೆ ಉಳಿಯುವ ಭಾಗ.

ಅಸ್ಥಿಮಜ್ಜೆಯ ಕಸಿಗೆ ದಾನಿ ಬೇಕಿತ್ತು. ನನಗೆ ಒಡಹುಟ್ಟಿದವರಿಲ್ಲ. ಅಪ್ಪನ ಹೃದಯದಲ್ಲಿ ಸ್ಟೆಂಟ್ ಇದೆ. ಅಮ್ಮ ಕೊಡಲು ತಯಾರಿದ್ದಳು, ಆದರೆ ಅವಳ ಕಣಗಳನ್ನು ನನ್ನ ದೇಹ ಒಪ್ಪುವುದಿಲ್ಲವೆಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಇದನ್ನು ಅಮ್ಮ ಇವತ್ತಿಗೂ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ. ಉಳಿದವರು ಅತ್ತೆ. ಅವರದು ಅರ್ಧ ಹೊಂದಿತು. ಅರ್ಧ ಸಾಕು ಎಂದರು ಡಾಕ್ಟರು.

ಅತ್ತೆ ಸ್ವಯಂನಿವೃತ್ತಿ ತೆಗೆದುಕೊಂಡ ಹೈಸ್ಕೂಲು ಮುಖ್ಯೋಪಾಧ್ಯಾಯಿನಿ. ಕಾರಣ ಕೊಡುವುದು ತಡವಾಗಿ ಬಂದ ಮಕ್ಕಳ ಕೆಲಸ, ತಮ್ಮದಲ್ಲ ಎಂದು ನಂಬಿರುವವರು. ಮಜ್ಜೆ ಕೊಡುವಾಗಲೂ ಹೆಚ್ಚು ಮಾತಾಡಲಿಲ್ಲ. ಮಾತು ಶುರುವಾದದ್ದು ಆಮೇಲೆ. ಕಸಿಯ ನಂತರ ನನ್ನಲ್ಲಿ ಕಂಡ ಒಳ್ಳೆಯದೆಲ್ಲ ಅವರ ಲೆಕ್ಕಕ್ಕೆ ಹೋಯಿತು. ನನ್ನ ರಕ್ತದ ಗುಂಪು ಬದಲಾಗಿ ಅವರದಾಯಿತು, ಅದನ್ನು ಅಲ್ಲಗಳೆಯುವಂತಿರಲಿಲ್ಲ. ಆದರೆ ನಾನು ಮೊದಲಿಂದಲೂ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸುತ್ತಿದ್ದವಳು, ಅದೂ ಅವರ ಮಜ್ಜೆಯ ಗುಣವಾಯಿತು.

ಹಾಗಲಕಾಯಿಯ ವಿಷಯ ಇನ್ನೂ ಸೂಕ್ಷ್ಮ. ಕಸಿಯಾದವರಲ್ಲಿ ಕೆಲವರಿಗೆ ಬಾಯಿ, ಕಣ್ಣು ಒಣಗುವ ತೊಂದರೆ ಉಳಿದುಬಿಡುತ್ತದೆ. ನನಗೂ ಉಳಿಯಿತು. ಬೇರೆ ಯಾವ ರುಚಿಯೂ ಸರಿಯಾಗಿ ತಿಳಿಯದ ಕಾಲದಲ್ಲಿ ಕಹಿಯೊಂದು ಚೆನ್ನಾಗಿ ತಿಳಿಯುತ್ತಿತ್ತು. ಹಾಗಾಗಿ ಅತ್ತೆ ತಂದ ಹಾಗಲಕಾಯಿ ಗೊಜ್ಜನ್ನು ಎರಡನೇ ಸಲ ಬಡಿಸಿಕೊಂಡೆ. "ನಮ್ಮ ಮಜ್ಜೆ ಕಣಮ್ಮ, ಅದು ಕೇಳತ್ತೆ," ಎಂದು ಅತ್ತೆ ಆವತ್ತಿನಿಂದ ವಾರಕ್ಕೊಂದು ಡಬ್ಬಿ ತರತೊಡಗಿದರು. ನನ್ನ ಬಾಲ್ಯವಿಡೀ ಒಂದು ಹೋಳು ಹಾಗಲಕಾಯಿ ತಿನ್ನಿಸಲಾಗದೆ ಸೋತಿದ್ದ ಅಮ್ಮ ಅದನ್ನು ಸುಮ್ಮನೆ ನಿಂತು ನೋಡುತ್ತಿದ್ದಳು. ಮುನಿಸು ಶುರುವಾದಾಗ ಆ ಡಬ್ಬಿಗಳಲ್ಲೊಂದು ನಮ್ಮಲ್ಲೇ ಉಳಿಯಿತು. ಖಾಲಿ ಡಬ್ಬಿ ಹಿಂದಿರುಗಿಸುವಂತಿಲ್ಲ. ತುಂಬಿ ಕೊಡಲು ಅಮ್ಮನಿಗೆ ಮನಸ್ಸಿಲ್ಲ. ಅದು ತೊಳೆದಿಟ್ಟ ಹಾಗೇ ಶೆಲ್ಫಿನಲ್ಲಿ ಕೂತಿತ್ತು.

ಇಷ್ಟರ ಮೇಲೆ ಆ ಪರೀಕ್ಷೆ. ಆಗಾಗ ನನ್ನ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿ, ಅದರಲ್ಲಿ ದಾನಿಯದೆಷ್ಟು, ನನ್ನದೆಷ್ಟು ಎಂದು ನೋಡುತ್ತಾರೆ. ನೂರಕ್ಕೆ ನೂರೂ ದಾನಿಯದಾಗಿದ್ದರೆ ಒಳ್ಳೆಯದು. ನನ್ನದು ತಲೆಯೆತ್ತಿದರೆ, ಅದರ ಬೆನ್ನಿಗೆ ಹಳೆಯ ಕಾಯಿಲೆಯೂ ಬರಬಹುದು. ಆದ್ದರಿಂದ ಪ್ರತಿ ಪರೀಕ್ಷೆಗೆ ಮುಂಚೆ ಅಮ್ಮ ಚಾಮುಂಡಿಬೆಟ್ಟಕ್ಕೆ ಹೋಗಿ ಹರಕೆ ಹೊತ್ತು ಬರುತ್ತಾಳೆ. ಹೆತ್ತ ಮಗಳ ರಕ್ತದಲ್ಲಿ ತನ್ನದೊಂದು ಹನಿಯೂ ಉಳಿಯದಿರಲಿ, ಪೂರ್ತಿ ಅತ್ತಿಗೆಯದೇ ಆಗಿರಲಿ ಎಂದು ಬೇಡಿಕೊಂಡ ಇನ್ನೊಬ್ಬ ಸೊಸೆಯನ್ನು ಆ ತಾಯಿ ನೋಡಿರಲಾರಳು. ಅಲ್ಲಿಂದ ತಂದ ಹೂವನ್ನು ಅಮ್ಮ ನನಗೆ ದೂರದಿಂದಲೇ ತೋರಿಸಿ ತಾನು ಮುಡಿಯುತ್ತಿದ್ದಳು. ಹೂವು, ತೀರ್ಥ, ಕೋಸಂಬರಿ, ನೆಗಡಿಯವರು, ಇವೆಲ್ಲ ನನಗೆ ಬಹುಕಾಲ ನಿಷಿದ್ಧವಾಗಿದ್ದವು.

ನಮ್ಮ ಆಸ್ಪತ್ರೆಯಲ್ಲಿ ಕಸಿಯಾದವರನ್ನು ನೋಡುವುದು ಮಂಗಳವಾರ. ಕಾಯುವ ಜಾಗದಲ್ಲಿ ಎಲ್ಲರಿಗೂ ಮಾಸ್ಕ್, ಎಲ್ಲರ ಕೈಯಲ್ಲೂ ನೀರಿನ ಬಾಟಲಿ. ಯಾರೂ ಯಾರ ಕಾಯಿಲೆಯನ್ನೂ ಕೇಳುವುದಿಲ್ಲ, ಅದು ಹೆಚ್ಚುಕಡಿಮೆ ಒಂದೇ. ಕೇಳುವುದು ದಾನಿ ಯಾರೆಂದು. ಪತ್ರಿಕೆ ಬಂದ ಮುಂದಿನ ವಾರ ಅಮ್ಮನೊಂದಿಗೆ ಹೋದಾಗ, ನಂಜನಗೂಡು ಕಡೆಯ ಒಬ್ಬ ಹಿರಿಯರು ನನ್ನತ್ತ ತಿರುಗಿದರು.

"ನಿಮ್ದು ಯಾರವ್ವ?"

"ಅತ್ತೆ," ಎಂದೆ.

"ನಂದು ತಮ್ಮ. ಜಮೀನ್ ವಿಷ್ಯಕ್ಕೆ ಅವನ ಮ್ಯಾಲೆ ಕೇಸ್ ಆಕಿವ್ನಿ. ಮೈಯೊಳ್ಗೆ ಓಡೋದೂ ಅವನ್ದೇ ರಕ್ತ. ಜಡ್ಜ್ ಮುಂದೆ ನಿಂತಾಗ ನಾನ್ ಯಾವ ಕಡೆಯೋನು ಅಂತ ನಂಗೇ ಅನುಮಾನ ಆಯ್ತದೆ."

ಅಮ್ಮ ಗೋಡೆಯ ಮೇಲಿನ ಕೈತೊಳೆಯುವ ಚಿತ್ರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಒಳಗೆ ಡಾಕ್ಟರು ವರದಿಯನ್ನು ಎರಡು ಸಲ ಓದಿದರು. ಅವರು ಮಾತು ಕಡಿಮೆ ಆಡುವವರು. ಇಷ್ಟು ದಿನದಲ್ಲಿ ನಮ್ಮ ಮನೆಯ ಭಾಷೆಯನ್ನೂ ಕಲಿತಿದ್ದರು.

"ಅತ್ತೆಯವರು ಸ್ವಲ್ಪ ಇಳಿದಿದಾರೆ," ಎಂದರು.

ನೂರಿದ್ದದ್ದು ಎಂಬತ್ತೊಂಬತ್ತಾಗಿತ್ತು. ದೇಹದ ಪ್ರತಿರೋಧವನ್ನು ಹಿಡಿದಿಡುವ ನನ್ನ ಮಾತ್ರೆಯನ್ನು ಕಡಿಮೆ ಮಾಡಿ, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡೋಣ ಎಂದರು. ಆಗಲೂ ಇಳಿಯುತ್ತಿದ್ದರೆ ಅತ್ತೆಯಿಂದ ಇನ್ನೊಮ್ಮೆ ಕಣಗಳನ್ನು ತೆಗೆದುಕೊಳ್ಳಬೇಕು. ಮುಂದಿನ ಸಲ ಅವರನ್ನೂ ಕರೆತನ್ನಿ, ಒಂದು ಸಲ ನೋಡಿಬಿಡುತ್ತೇನೆ, ತಯಾರಿರಲಿ ಎಂದರು. "ಹೇಳ್ತೀವಿ ಸಾರ್," ಎಂದಳು ಅಮ್ಮ. ಆ ಮೂರು ಅಕ್ಷರ ಹೇಳುವಾಗ ಅವಳ ಕಣ್ಣ ಮುಂದೆ ಮೀಟರ್ ಪೆಟ್ಟಿಗೆ ಬಂದಿರಬೇಕು.

ವಾಪಸ್ಸು ಬರುವಾಗ ಆಟೋದಲ್ಲಿ ನಾನು ನನ್ನ ಮುಂಗೈಯ ನರಗಳನ್ನು ನೋಡುತ್ತಿದ್ದೆ. ಉಳಿದ ಹನ್ನೊಂದು ಪಾಲು ನಾನೇ. ಮಾರಿದ ಮನೆಗೆ ಹಳೆಯ ಮಾಲೀಕಳು ಹೇಳದೆ ಕೇಳದೆ ಬಂದು ಹಿಂದಿನ ಕೋಣೆಯಲ್ಲಿ ಕೂತಂತೆ. ಅವಳ ಮೇಲೆ ಸಿಟ್ಟಾಗಲೂ ಆಗುತ್ತಿರಲಿಲ್ಲ, ಎಷ್ಟಾದರೂ ಇಪ್ಪತ್ತಮೂರು ವರ್ಷ ಅವಳದೇ ಮನೆ. ಆದರೆ ಅವಳ ಸಹವಾಸ ಯಾರದೆಂದು ನನಗೆ ಗೊತ್ತಿತ್ತು. ಹಲ್ಲುಜ್ಜಿ ಉಗುಳಿದ ಮೇಲೆ ಬೇಸಿನ್ನಿನಲ್ಲಿ ರಕ್ತವಿದೆಯೇ ಎಂದು ನೋಡುವ ಅಭ್ಯಾಸ ಮರಳಿ ಬಂತು. ಸ್ನಾನ ಮಾಡುವಾಗ ಕಾಲಿನಲ್ಲಿ ನೀಲಿ ಕಲೆ ಹುಡುಕುತ್ತಿದ್ದೆ. ವರದಿಗಾಗಿ ಕಾಯುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರಿಗೆ ನಾನು ಕೊಡಬಲ್ಲ ಸಲಹೆ ಒಂದೇ: ಪಾತ್ರೆ ತೊಳೆಯಿರಿ. ತಳ ಹಿಡಿದ ಪಾತ್ರೆಯಾದರೆ ಇನ್ನೂ ಒಳ್ಳೆಯದು.

ಅತ್ತೆಗೆ ಫೋನು ಯಾರು ಮಾಡಬೇಕೆಂಬುದು ಮನೆಯ ಪ್ರಶ್ನೆಯಾಯಿತು. ಅಪ್ಪನಿಗೆ ಹೇಳಿದರೆ, ಇದು ನೀವಿಬ್ಬರು ಹೆಂಗಸರು ಮಾತಾಡಿಕೊಳ್ಳಬೇಕಾದ್ದು ಎಂದು ಹೇಳಿ, ಬೆಳಿಗ್ಗೆ ನೀರು ಹಾಕಿದ್ದ ಗಿಡಗಳಿಗೇ ಮತ್ತೆ ನೀರು ಹಾಕಲು ಹೋದರು. ನಾನು ಮಾಡುತ್ತೇನೆ ಎಂದೆ. ಅಮ್ಮ ಬೇಡವೆಂದಳು. ನನಗೂ ಒಳಗೊಳಗೇ ಹಾಯೆನಿಸಿತು. ಒಳಗಿರುವವರು ಒಬ್ಬರು, ಹೆತ್ತವಳು ಇನ್ನೊಬ್ಬಳು, ಇವರಿಬ್ಬರ ನಡುವೆ ನಾನು ಯಾರ ಪರವಾಗಿ ಮಾತಾಡಿದರೂ ತಪ್ಪೇ.

ಅಮ್ಮ ಮುಖ ತೊಳೆದು, ನೈಟಿ ಬಿಟ್ಟು ಇಸ್ತ್ರಿಯ ಸೀರೆ ಉಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕೂತು ಫೋನು ಮಾಡಿದಳು.

"ಅತ್ತಿಗೆ, ನಾನು ಸುಮಾ," ಎಂದಳು. ಅತ್ತೆಯನ್ನು ಅವಳು ಕರೆಯುವುದು ಹಾಗೆ. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟಳು: "ಇವಳ ರಕ್ತದಲ್ಲಿ ನೀವು ಕಡಿಮೆಯಾಗ್ಬಿಟ್ಟಿದೀರಂತೆ."

ಆ ಕಡೆಯಿಂದ ಏನೋ ಪ್ರಶ್ನೆ.

"ಹನ್ನೊಂದು. ಅಲ್ಲ, ಹನ್ನೊಂದು ಇಳಿದಿರೋದು. ನೀವು ಎಂಬತ್ತೊಂಬತ್ತು ಇದೀರಿ."

ಪತ್ರಿಕೆಯ ವಿಷಯ ಇಬ್ಬರೂ ಎತ್ತಲಿಲ್ಲ. ಅಮ್ಮ ಫೋನಿಟ್ಟು ನನ್ನ ಕಡೆ ತಿರುಗಿದಳು. "ಬರ್ತಾರಂತೆ," ಎಂದಳು. "'ಎಂಬತ್ತೊಂಬತ್ತು ಅಂದ್ರೆ ಡಿಸ್ಟಿಂಕ್ಷನ್ನೇ, ಮಗೂಗೆ ಹೆದರಬೇಡ ಅಂತ ಹೇಳು' ಅಂದ್ರು."

ಹೇಳಿದ ಮಂಗಳವಾರ ಅತ್ತೆ ನಮಗಿಂತ ಮೊದಲೇ ಬಂದು ಕೂತಿದ್ದರು. ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕ್. ನಾವು ಹೋಗಿ ಪಕ್ಕದಲ್ಲಿ ಕೂರುವಷ್ಟರಲ್ಲಿ ಎದ್ದು, ಎರಡು ಕುರ್ಚಿ ಬಿಟ್ಟು ಆಚೆ ಕೂತರು. ಅಮ್ಮ ನನ್ನ ಕಿವಿಯಲ್ಲಿ, ನೋಡಿದ್ಯಾ, ಪಕ್ಕದಲ್ಲಿ ಕೂರೋಕೂ ಆಗಲ್ಲ ಅವರಿಗೆ ಎಂದಳು. ಖಾಲಿಯಿದ್ದ ಕುರ್ಚಿಯಲ್ಲಿ ನಂಜನಗೂಡಿನ ಹಿರಿಯರು ಬಂದು ಕೂತರು. ಇವರೇ ಅತ್ತೆ ಎಂದು ತಿಳಿದಾಗ ಎದ್ದು ನಿಂತು ಕೈಮುಗಿದರು. ಅವರ ಕೇಸು ಏನಾಯಿತೆಂದು ನಾನು ಕೇಳಿದೆ.

"ವಾಯಿದೆ ಬಿತ್ತು ಕಣವ್ವ. ಬರ್ತಾ ಇಬ್ರೂ ಒಂದೇ ಬಸ್ಸಲ್ ಬಂದೊ. ಸೀಟ್ ಒಂದೇ ಇತ್ತು. 'ನೀನ್ ಕೂತ್ಕೊ, ನಿನ್ ಮೈಯಾಗಿರೋದು ನನ್ ಮಾಲು' ಅಂದ."

ಮೊದಲು ನನ್ನ ರಕ್ತ ತೆಗೆದರು. ಕಿಮೋ ಆದವರ ನರಗಳು ಸುಲಭಕ್ಕೆ ಸಿಗುವುದಿಲ್ಲ. ಆವತ್ತಿನ ಸಿಸ್ಟರ್ ನನ್ನ ಕೈಯನ್ನು ತಮ್ಮ ಎರಡೂ ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿ, ಒಂದೇ ಚುಚ್ಚಿಗೆ ಮುಗಿಸಿದರು. ಇಂಥ ಸಣ್ಣ ಉಪಕಾರಗಳನ್ನು ನಾನು ಮರೆಯುವುದಿಲ್ಲ. ಆಮೇಲೆ ಅತ್ತೆಯ ಸರದಿ. ಅಮ್ಮನೂ ನಾನೂ ಅದೇ ಕೋಣೆಯ ಬಾಗಿಲ ಬಳಿ ನಿಂತಿದ್ದೆವು. ಸಿಸ್ಟರ್ ಅತ್ತೆಯ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತ, ದಾನಿಗಳಿಗೆ ಕೇಳುವ ಪ್ರಶ್ನೆಗಳನ್ನೆಲ್ಲ ಕೇಳಿದರು. ಸಕ್ಕರೆ ಕಾಯಿಲೆ? ಇಲ್ಲ. ಆಪರೇಷನ್ ಏನಾದರೂ? ಇಲ್ಲ. ಇತ್ತೀಚೆಗೆ ಜ್ವರ, ನೆಗಡಿ, ಕೆಮ್ಮು?

ಅತ್ತೆ ಸುಳ್ಳು ಹೇಳುವವರಲ್ಲ. "ನೆಗಡಿ ಇತ್ತು," ಎಂದರು.

"ಯಾವಾಗ?"

"ಪತ್ರಿಕೆ ಹಂಚೋ ವಾರ."

ಯಾವ ಪತ್ರಿಕೆಯೆಂದು ಸಿಸ್ಟರ್‌ಗೆ ತಿಳಿಯಲಿಲ್ಲ. ಅತ್ತೆ ನಮ್ಮ ಕಡೆ ನೋಡದೆ, ಅವರಿಗೊಬ್ಬರಿಗೇ ಪಾಠ ಹೇಳುವವರ ಹಾಗೆ ಹೇಳಿದರು: "ನಮ್ಮನೇಲಿ ಅರವತ್ತರ ಶಾಂತಿ ಇದೆ. ಮೂಗು ಸೋರ್ತಾ ಇದ್ರೂ ಎಲ್ಲರ ಮನೆಗೂ ಒಳಗೆ ಹೋಗಿ ಕರೆದೆ. ಇವರ ಮನೆಗೆ ಮಾತ್ರ ಗೇಟಿಂದ ಒಳಗೆ ಕಾಲಿಡಲಿಲ್ಲ. ಈ ಮಗು ಇದೆಯಲ್ಲ. ನಾನು ಹುಟ್ಟಿದ ಮನೆ ಕಣಮ್ಮ ಅದು. ಬೆಳಿಗ್ಗೆ ಹಾಲಿನವನ ಹಿಂದೇ ಹೋಗಿ, ಕೊಕ್ಕೆಗೆ ಸಿಕ್ಕಿಸಿ, ಸ್ಯಾನಿಟೈಸರ್ ಹಾಕಿ ಗೇಟು ಒರೆಸಿ ಬಂದೆ."

ಅಮ್ಮ ಸೆರಗಿನ ಅಂಚನ್ನು ಮಡಿಚಿದಳು, ಬಿಚ್ಚಿದಳು.

"ಒಂದು ಫೋನ್ ಮಾಡಿ ಹೇಳಬಾರದಿತ್ತಾ ಅತ್ತಿಗೆ?"

"ನೀನು ಒಂದು ಫೋನ್ ಮಾಡಿ ಕೇಳಬಾರದಿತ್ತಾ?"

"ನಾನ್ಯಾಕೆ ಕೇಳಲಿ? ಕರೆಯೋರು ನೀವು."

"ಕರೆದೆನಲ್ಲ ಮತ್ತೆ. ಕುಂಕುಮ ಇಟ್ಟಿದ್ದೆ, ನೋಡಲಿಲ್ವಾ?"

"ಹಾಲಿನ ಜೊತೆ ಕುಂಕುಮ ಇಡ್ತಾರಾ ಯಾರಾದ್ರೂ? ಒದ್ದೆಯಾಗಿತ್ತು."

"ಅಮ್ಮಾ, ಇಬ್ರೂ ಸ್ವಲ್ಪ ಸುಮ್ನಿರಿ," ಎಂದರು ಸಿಸ್ಟರ್. "ಬಿಪಿ ಏರ್ತಾ ಇದೆ."

ಎರಡು ಕುರ್ಚಿ ಬಿಟ್ಟು ಕೂತದ್ದೂ ಅದಕ್ಕೇ ಎಂದು ಆಮೇಲೆ ಗೊತ್ತಾಯಿತು. ಹಿಂದಿನ ದಿನ ಅತ್ತೆ ಶಾಂತಿಯ ಏರ್ಪಾಟಿಗೆಂದು ಛತ್ರಕ್ಕೆ ಹೋಗಿ ಅಲ್ಲಿನ ಜನಜಂಗುಳಿಯಲ್ಲಿ ಓಡಾಡಿದ್ದರಂತೆ.

ಅವರಿಬ್ಬರೂ ಕ್ಷಮೆ ಕೇಳಿಕೊಂಡರು, ಕೈ ಹಿಡಿದುಕೊಂಡರು ಎಂದು ಬರೆಯಬಹುದಿತ್ತು. ಹಾಗಾಗಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನವರೆಗೂ ತಪ್ಪು ಯಾರದೆಂದು ವಾದ ಮಾಡುತ್ತಲೇ ನಡೆದರು. ಅಲ್ಲಿ ಅಮ್ಮ, ಕಾಫಿ ಕುಡಿಯುತ್ತೀರಾ ಎಂದು ಕೇಳಿದಳು. ಅತ್ತೆ ಬೇಡವೆಂದರು. ಅಮ್ಮ ತಂದಳು. ಅತ್ತೆ ನನಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ, ಎರಡೂ ಮಾಸ್ಕುಗಳನ್ನು ಕೆಳಗಿಳಿಸಿ ಕುಡಿದರು.

ಮನೆಗೆ ಬಂದ ಮೇಲೂ ಪೊಟ್ಟಣ ಮೀಟರ್ ಪೆಟ್ಟಿಗೆಯ ಮೇಲೇ ಇತ್ತು. ಈಗ ಕಾರಣ ಬೇರೆ. ವರದಿ ಬರಲಿ ಎಂದಳು ಅಮ್ಮ. ಇನ್ನೂ ಇಳಿದಿದ್ದರೆ ಶಾಂತಿಯ ವೇಳೆಗೆ ನಾನೂ ಅತ್ತೆಯೂ ಆಸ್ಪತ್ರೆಯಲ್ಲಿರುತ್ತಿದ್ದೆವು ಎಂಬುದು ಇಬ್ಬರಿಗೂ ಗೊತ್ತಿತ್ತು. ಅದರಾಚೆ ಇನ್ನೊಂದು ಸಾಧ್ಯತೆಯಿತ್ತು. ಅದನ್ನು ನಾವು ಮನೆಯಲ್ಲಿ ಯಾವತ್ತೂ ಹೆಸರಿಟ್ಟು ಕರೆದಿಲ್ಲ.

ಡಾಕ್ಟರ ಫೋನು ಬಂದದ್ದು ಅಮ್ಮ ದೀಪ ಹಚ್ಚುವ ಹೊತ್ತಿಗೆ.

"ನೂರು," ಎಂದರು. "ಪೂರ್ತಿ ಅತ್ತೆ."

ನಾನು ದೇವರಮನೆಯ ಬಾಗಿಲಿಗೆ ಹೋಗಿ ಅದನ್ನೇ ಹೇಳಿದೆ. ಅಮ್ಮ ಬೆಂಕಿಪೊಟ್ಟಣ ಹಿಡಿದುಕೊಂಡೇ ಅತ್ತಳು. ನನಗೆ ಅಳು ಬಂದರೆ ಕಣ್ಣು ಉರಿಯುತ್ತದೆ ಅಷ್ಟೇ, ನೀರು ಬರುವುದಿಲ್ಲ. ಆದ್ದರಿಂದ ಡ್ರಾಪ್ಸ್ ಹಾಕಿಕೊಂಡೆ, ಹೆಚ್ಚಾಗಿ ಕೆನ್ನೆಗೆ ಹರಿಯಿತು. ಹೊರಗಿನಿಂದ ಬಂದ ಅಪ್ಪ ಇಬ್ಬರನ್ನೂ ನೋಡಿ, ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕುಸಿದು ಕೂತುಬಿಟ್ಟರು. "ನೂರು ಅಪ್ಪ, ನೂರು," ಎಂದು ನಾನು ಎರಡು ಸಲ ಹೇಳಬೇಕಾಯಿತು. ಗಟ್ಟಿಯಾಗಿ ಮಾತಾಡುವುದು ನನಗೆ ಅಭ್ಯಾಸವಿಲ್ಲ.

ಈ ಸಲ ಅಮ್ಮ ಸೀರೆ ಬದಲಾಯಿಸದೆಯೇ ಫೋನು ಮಾಡಿದಳು. "ಅತ್ತಿಗೆ, ನೂರಕ್ಕೆ ನೂರು ನೀವೇ," ಎಂದಳು. ಅತ್ತೆಯ ಮೂಗು ಕಟ್ಟಿದ ದನಿ ನನಗೂ ಕೇಳಿಸಿತು. ಮತ್ತೆ ನೆಗಡಿಯಂತೆ. ಭಾನುವಾರದ ಶಾಂತಿಯೊಳಗೆ ಹೋಗುತ್ತದಂತೆ, ಅಲ್ಲಿಯವರೆಗೆ ನಾನು ಆ ಕಡೆ ಸುಳಿಯಕೂಡದಂತೆ. ಅಮ್ಮ ಫೋನಿಟ್ಟು ಅಡುಗೆಮನೆಗೆ ಹೋಗಿ, ಶೆಲ್ಫಿನಿಂದ ಅತ್ತೆಯ ಡಬ್ಬಿ ಇಳಿಸಿದಳು. ಆಮೇಲೆ ಹಾಗಲಕಾಯಿ ಹೆಚ್ಚುವ ಸದ್ದು ಕೇಳಿಸಿತು.

"ನೋಡಲಿ ಒಂದ್ಸಲ, ನಂದೂ ಹೆಂಗಿರತ್ತೆ ಅಂತ," ಎಂದಳು, ಯಾರಿಗೆಂದಿಲ್ಲದೆ.

ಮರುದಿನ ಬೆಳಿಗ್ಗೆ ನಾನು ಸ್ಟೂಲು ಹತ್ತಿ ಮೀಟರ್ ಪೆಟ್ಟಿಗೆಯ ಮೇಲಿನಿಂದ ಪೊಟ್ಟಣ ತೆಗೆದೆ. ಒದ್ದೆಯಾಗಿದ್ದ ಮೂಲೆ ಒಣಗಿ ಗಟ್ಟಿಯಾಗಿತ್ತು. ಇನ್ನೊಂದು ಬದಿಯಿಂದ ಒಂದು ಚಿಟಿಕೆ ತೆಗೆದು ಹಣೆಗಿಟ್ಟುಕೊಂಡೆ. ಮಾಸ್ಕ್ ಹಾಕಿಕೊಂಡು, ಗೊಜ್ಜಿನ ಡಬ್ಬಿಯಿದ್ದ ಬಟ್ಟೆಚೀಲವನ್ನು ಸ್ಕೂಟರಿಗೆ ನೇತುಹಾಕಿಕೊಂಡು ರಾಮಕೃಷ್ಣನಗರಕ್ಕೆ ಹೋದೆ. ಚೀಲವನ್ನು ಅತ್ತೆಯ ಮನೆಯ ಗೇಟಿಗೆ ಸಿಕ್ಕಿಸಿ, ಬೆಲ್ ಒತ್ತಿ, ರಸ್ತೆ ದಾಟಿ ಬಂದು ಸ್ಕೂಟರಿನ ಪಕ್ಕ ಹೊಂಗೆಮರದ ಕೆಳಗೆ ನಿಂತೆ.

ಅತ್ತೆ ಮೂಗಿಗೆ ಕರ್ಚೀಫು ಹಿಡಿದುಕೊಂಡು ಬಂದರು. ಚೀಲ ನೋಡಿದರು, ನನ್ನನ್ನು ನೋಡಿದರು. ಡಬ್ಬಿಯ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದರು.

"ಯಾರು ಮಾಡಿದ್ದು?" ಎಂದು ಅಲ್ಲಿಂದಲೇ ಕೇಳಿದರು.

"ಅಮ್ಮ."

"ಬೆಲ್ಲ ಜಾಸ್ತಿ ಹಾಕಿರ್ತಾಳೆ."

ನಾನು ಹೆಲ್ಮೆಟ್ ತೆಗೆದು, ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ ಹಿಡಿದೆ. ಮಾಸ್ಕಿನ ಮೇಲೆ ಕಾಣಲು ಇದ್ದದ್ದು ಅದೊಂದೇ. ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು. ಕರ್ಚೀಫಿನಿಂದ ಮೂಗು ಒರೆಸಿಕೊಂಡರು, ಆಮೇಲೆ ಕಣ್ಣು. ನೆಗಡಿಯಲ್ಲವೇ.

"ಓರೆಯಾಗಿದೆ ಕಣೇ," ಎಂದರು.

ನಾನು ಸ್ಕೂಟರಿನ ಕನ್ನಡಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು, ಬಗ್ಗಿ ನೋಡಿ, ಕುಂಕುಮವನ್ನು ನೆಟ್ಟಗೆ ಮಾಡಿಕೊಂಡೆ.